ಕೊಳ್ಳದ ಹಾದಿ: ಮೇಡ್ಲೇರಿಯಿಂದ ಮಲಪ್ರಭೆಯ ಕಲ್ಲುನಾಡಿಗೆ

ಕಲ್ಲಿನ ಕಮರಿ ಎಂದೊಡನೆ ಇಂದಿನ ಹುಡುಗರ ಕಣ್ಣ ಮುಂದೆ ಬರುವುದು ಎರಡು ಚಿತ್ರ. ಒಂದು, ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಕೊಲರಾಡೊ ನದಿ ಕೊರೆದ ಗ್ರ್ಯಾಂಡ್ ಕ್ಯಾನಿಯನ್. ಇನ್ನೊಂದು, ಆಂಧ್ರದ ಕಡಪ ಜಿಲ್ಲೆಯಲ್ಲಿ ಪೆನ್ನಾರ್ ನದಿ ಕೊರೆದ ಗಂಡಿಕೋಟ. ಮೊದಲನೆಯದು ನಮ್ಮ ಕೈಗೆ ಎಟುಕುವಂಥದ್ದಲ್ಲ. ಎರಡನೆಯದಕ್ಕೆ ಹೋಗಿ ಬಂದವರು ಇದ್ದಾರೆ. ಮೊಬೈಲಿನಲ್ಲಿ ಅವರು ಹಾಕಿದ ಫೋಟೊ ನೋಡಿ, ಸುಗ್ಗಿ ಮುಗಿದ ಮೇಲೆ ಗಾಡಿ ಮಾಡಿಕೊಂಡು ಹೊರಡುವ ಲೆಕ್ಕ ಹಾಕುವವರೂ ಇದ್ದಾರೆ. ಆದರೆ ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿಯಂಥ ಊರಿನಿಂದ ಕಲ್ಲು ನೋಡಲು ಹೊರಡುವವರು ರಾಜ್ಯದ ಗಡಿ ದಾಟಬೇಕಾಗಿಲ್ಲ. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವಷ್ಟು ದೂರದಲ್ಲಿ, ಮಲಪ್ರಭಾ ಮತ್ತು ಘಟಪ್ರಭಾ ನದಿಗಳ ನಡುವೆ, ಕಮರಿಗಳದೇ ಒಂದು ನಾಡಿದೆ. ಅಲ್ಲಿಯ ಜನ ಅದಕ್ಕೆ ಕಮರಿ ಎನ್ನುವುದಿಲ್ಲ, ಕೊಳ್ಳ ಎನ್ನುತ್ತಾರೆ. ಸಿದ್ಧನಕೊಳ್ಳ, ಶಬರಿಕೊಳ್ಳ, ನಾಗನಾಥನಕೊಳ್ಳ, ಹುಲಿಗೆಮ್ಮನಕೊಳ್ಳ – ಹೀಗೆ ದೇವರ ಹೆಸರು ಹೊತ್ತ ಕೊಳ್ಳಗಳು ಅಲ್ಲಿ ಸಾಲಾಗಿವೆ.

ಕೊಳ್ಳ ಎಂಬ ಮಾತಿಗೆ ನಮ್ಮ ನುಡಿಯಲ್ಲಿ ಎರಡು ಅರ್ಥ. ಗುಡ್ಡಗಳ ನಡುವಿನ ಇಕ್ಕಟ್ಟಾದ ತಗ್ಗು ಕೊಳ್ಳ. ಒಂದು ನದಿಗೆ ನೀರು ಹರಿದು ಬರುವ ಇಡೀ ನೆಲವೂ ಕೊಳ್ಳವೇ. ಕೃಷ್ಣಾ ಕೊಳ್ಳ ಎಂದು ಪತ್ರಿಕೆಗಳಲ್ಲಿ ದಿನವೂ ಓದುತ್ತೇವೆ. ಕಲ್ಲಿನ ಸೀಳಿಗೂ ನೀರಿನ ಹರಿವಿಗೂ ಒಂದೇ ಹೆಸರು ಬಂದದ್ದು ಆಕಸ್ಮಿಕವಾಗಿರಲಾರದು. ಈ ಬಯಲುಸೀಮೆಯಲ್ಲಿ ಕೊಳ್ಳವೆಂದರೆ ಮೊದಲು ನೀರಿನ ಜಾಗ, ಆಮೇಲೆ ನೋಡುವ ಜಾಗ. ಪ್ರವಾಸದ ದಾರಿ, ದಿನ, ಹೊತ್ತು ಎಲ್ಲವನ್ನೂ ಈ ಒಂದು ಮಾತಿನ ಮೇಲೆ ಗೊತ್ತುಮಾಡಿಕೊಳ್ಳಬಹುದು.

ನಮ್ಮ ಕಾಲಡಿಯ ಕಲ್ಲು

ಮೇಡ್ಲೇರಿಯ ಸುತ್ತ ಏಕೆ ಕೊಳ್ಳಗಳಿಲ್ಲ? ತುಂಗಭದ್ರೆಯಂಥ ದೊಡ್ಡ ನದಿ ತಾಲ್ಲೂಕಿನ ಅಂಚಿನಲ್ಲೇ ಹರಿಯುತ್ತಿದ್ದರೂ ಇಲ್ಲಿ ಅದು ಕಡಿದಾದ ಕಮರಿ ಕೊರೆದಿಲ್ಲ. ಉತ್ತರ ಕಾಲಡಿಯ ಕಲ್ಲಿನಲ್ಲಿದೆ.

ದಕ್ಷಿಣ ಭಾರತದ ಕಲ್ಲುಗಳನ್ನು ಮೊದಲು ಕ್ರಮವಾಗಿ ಅಳೆದವರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ ಪ್ರಮುಖ. ಭಾರತದಲ್ಲಿ ಹಳೆ ಶಿಲಾಯುಗದ ಕಲ್ಲಿನ ಆಯುಧವನ್ನು 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರಂನಲ್ಲಿ ಮೊದಲು ಗುರುತಿಸಿದವರೂ ಇವರೇ. ನಮ್ಮ ಸೀಮೆಯ ಹಳೆಯ ಪದರಗಲ್ಲುಗಳಿಗೆ 1880ರ ದಶಕದಲ್ಲಿ ಅವರು ಕೊಟ್ಟ ಧಾರವಾಡದ ಹೆಸರು ಇಂದಿಗೂ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಅದೇ ಧಾರವಾಡ ಶಿಲೆಗಳ ಒಂದು ಭಾಗಕ್ಕೆ ಭೂವಿಜ್ಞಾನಿಗಳು ಮುಂದೆ ರಾಣೆಬೆನ್ನೂರಿನ ಹೆಸರನ್ನೇ ಇಟ್ಟರು. ಸುಮಾರು 260 ಕೋಟಿ ವರ್ಷಗಳ ಹಿಂದೆ ಕಡಲ ತಳದಲ್ಲಿ ಕೆಸರು, ಮರಳು, ಚೂರುಗಲ್ಲು ಬೆರೆತು ಕೂತು ಗಟ್ಟಿಯಾದ ಬೂದು ಬಣ್ಣದ ಕಲ್ಲು ಇದು. ಆಮೇಲೆ ಭೂಮಿಯ ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡಿತು, ಹಾಳೆ ಹಾಳೆಯಾಗಿ ಸೀಳಿತು. ಇಂಥ ಕಲ್ಲು ಮಳೆ ಬಿಸಿಲಿಗೆ ಪುಡಿಯಾಗಿ ಜಾರುತ್ತದೆ, ಗೋಡೆಯಂತೆ ನೆಟ್ಟಗೆ ನಿಲ್ಲುವುದಿಲ್ಲ. ಆದ್ದರಿಂದಲೇ ನಮ್ಮ ತಾಲ್ಲೂಕಿನ ಗುಡ್ಡಗಳೆಲ್ಲ ದುಂಡು ಬೆನ್ನಿನ ತಗ್ಗು ಗುಡ್ಡಗಳು.

ಹಂಪಿಯ ಕಡೆಗೆ ಹೋದವರು ಬೇರೆಯೇ ನೋಟ ಕಂಡಿರುತ್ತಾರೆ. ಅಲ್ಲಿಯದು ಗ್ರಾನೈಟ್, ಅಂದರೆ ಬೆಣಚುಕಲ್ಲು. ನೆಲದಾಳದ ಕರಗಿದ ಶಿಲೆ ತಣಿದು ಆದದ್ದು. ಅದಕ್ಕೆ ಪದರಗಳಿಲ್ಲ. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನು ಸವೆಸುತ್ತಾ ಹೋದಂತೆ ಚೌಕಟ್ಟಾದ ಬಂಡೆ ಉರುಟಾಗುತ್ತದೆ. ಒಂದರ ಮೇಲೊಂದು ಗುಂಡು ಪೇರಿಸಿಟ್ಟಂತೆ ಕಾಣುವ ಹಂಪಿಯ ಗುಡ್ಡಗಳು ಹಾಗೆ ಆದವು.

ನೆಟ್ಟಗಿನ ಗೋಡೆ, ಇಕ್ಕಟ್ಟಿನ ಸೀಳು, ಚಾವಣಿಯಂತೆ ಮುಂದಕ್ಕೆ ಚಾಚಿದ ಬಂಡೆ ಬೇಕೆಂದರೆ ಮರಳುಗಲ್ಲೇ ಬೇಕು. ಅದು ಸಿಗುವುದು ಉತ್ತರಕ್ಕೆ, ಬಾದಾಮಿಯ ಕಡೆ.

ಮರಳು ಕಲ್ಲಾದ ಕಥೆ

ಬಾಗಲಕೋಟೆ ಜಿಲ್ಲೆಯ ಕಲಾದಗಿ ಈಗ ದಾಳಿಂಬೆ, ಚಿಕ್ಕು ತೋಟಗಳಿಗೆ ಹೆಸರಾದ ಊರು. ಬ್ರಿಟಿಷರ ಕಾಲದಲ್ಲಿ ಅದು ಜಿಲ್ಲಾ ಕೇಂದ್ರವಾಗಿತ್ತು. ಬೆಳಗಾವಿಯ ಗೋಕಾಕದಿಂದ ಬಾಗಲಕೋಟೆಯ ಐಹೊಳೆಯವರೆಗೆ ಹಬ್ಬಿದ ಈ ಮರಳುಗಲ್ಲಿನ ಹಾಸಿಗೆ ಫೂಟ್ ಕೊಟ್ಟದ್ದು ಕಲಾದಗಿಯ ಹೆಸರನ್ನೇ. ಈ ಹಾಸಿನಲ್ಲಿ ಎರಡು ಅಂತಸ್ತು. ಕೆಳಗಿನದು ಹಳೆಯದು, ಒತ್ತಡಕ್ಕೆ ಸಿಕ್ಕಿ ವಾಲಿದೆ, ಮಡಚಿದೆ. ಮೇಲಿನದು ಹೊಸದು, ಹಾಸಿದಂತೆ ಸಮತಟ್ಟಾಗಿದೆ. ಈ ಮೇಲಿನ ಅಂತಸ್ತಿಗೆ ಬಾದಾಮಿಯ ಹೆಸರು. ಹೊಸದು ಎಂದರೂ ಅದರ ವಯಸ್ಸು ನೂರು ಕೋಟಿ ವರ್ಷಗಳ ಆಸುಪಾಸು ಎಂಬುದು ಅಂದಾಜು. ಆಗ ನೆಲದ ಮೇಲೆ ಗಿಡವಿರಲಿಲ್ಲ, ಹುಲ್ಲೂ ಇರಲಿಲ್ಲ. ಬೋಳು ಗುಡ್ಡಗಳಿಂದ ನದಿಗಳು ಹೊತ್ತು ತಂದ ಮರಳು ತಗ್ಗಿನಲ್ಲಿ ಪದರ ಪದರವಾಗಿ ಕೂತು, ತನ್ನದೇ ಭಾರಕ್ಕೆ ಅದುಮಿ ಕಲ್ಲಾಯಿತು. ಕಬ್ಬಿಣದ ಅಂಶಕ್ಕೆ ತುಕ್ಕು ಹಿಡಿದದ್ದರಿಂದ ಅದಕ್ಕೆ ಕೆಂಪು ಬಣ್ಣ ಬಂತು.

ಬಾದಾಮಿಯ ಬಂಡೆಯ ಹತ್ತಿರ ನಿಂತು ನೋಡಿದರೆ ಅಡ್ಡ ಗೆರೆಗಳ ನಡುವೆ ಅಲ್ಲಲ್ಲಿ ಓರೆ ಗೆರೆಗಳು ಕಾಣುತ್ತವೆ. ಹಳ್ಳದಲ್ಲಿ ನೆರೆ ಇಳಿದ ಮೇಲೆ ಮರಳು ಒಂದೇ ದಿಕ್ಕಿಗೆ ಇಳಿಜಾರಾಗಿ ಕೂತಿರುವುದನ್ನು ನೋಡಿದವರಿಗೆ ಆ ಗೆರೆಗಳ ಅರ್ಥ ಹೇಳಬೇಕಾಗಿಲ್ಲ. ಆ ಹಳೆಯ ನದಿ ಯಾವ ಕಡೆಗೆ ಹರಿಯಿತು ಎಂಬುದು ಗೆರೆಯ ವಾಲಿನಲ್ಲಿ ಉಳಿದಿದೆ.

ಇನ್ನು ಕೊಳ್ಳ ಆಗುವ ಬಗೆ. ಸಮತಟ್ಟಾಗಿ ಹಾಸಿದ ಈ ಕಲ್ಲು ಮೇಲಿಂದ ಕೆಳಕ್ಕೆ ನೆಟ್ಟಗೆ ಬಿರಿಯುತ್ತದೆ. ಬಿರುಕಿನಲ್ಲಿ ಮಳೆನೀರು ಇಳಿಯುತ್ತದೆ, ಮರಳಿನ ಕಣ ಸಡಿಲವಾಗುತ್ತದೆ, ಬಿರುಕು ಸಂದಿಯಾಗುತ್ತದೆ, ಸಂದಿ ಓಣಿಯಾಗುತ್ತದೆ. ಕೆಳಗಿನ ಮೆತ್ತನೆಯ ಪದರ ಮೊದಲು ಸವೆದು ಮೇಲಿನ ಗಟ್ಟಿ ಪದರ ಮುಂದಕ್ಕೆ ಚಾಚಿ ನಿಲ್ಲುತ್ತದೆ. ಆಧಾರ ತಪ್ಪಿದ ದಿನ ಅದು ಇಡಿಯಾಗಿ ಕಳಚಿ ಬೀಳುತ್ತದೆ. ಹಿಂದೆ ಉಳಿಯುವುದು ಮತ್ತೆ ನೆಟ್ಟಗಿನ ಗೋಡೆಯೇ. ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ನಡೆದದ್ದೂ ಇದೇ ಕೆಲಸ. ಅಲ್ಲಿ ಕೊಲರಾಡೊ ನದಿ 50–60 ಲಕ್ಷ ವರ್ಷಗಳಲ್ಲಿ 446 ಕಿ.ಮೀ. ಉದ್ದ, ಒಂದೂವರೆ ಕಿ.ಮೀ.ಗೂ ಹೆಚ್ಚು ಆಳ ಕೊರೆದಿದೆ. ನಮ್ಮಲ್ಲಿ ಅಳತೆ ಚಿಕ್ಕದು, ಆದರೆ ಕಲ್ಲು ಅಲ್ಲಿಯ ಮೇಲ್ಪದರಗಳಿಗಿಂತ ಬಹಳ ಹಳೆಯದು.

ಕೊಳ್ಳದಲ್ಲಿ ದೇವರೇಕೆ?

ವರ್ಷಕ್ಕೆ 250 ಮಿ.ಮೀ.ಗಿಂತ ಕಡಿಮೆ ಮಳೆ ಬೀಳುವ ನೆಲವನ್ನು ಸಾಮಾನ್ಯವಾಗಿ ಮರುಭೂಮಿ ಎನ್ನುತ್ತಾರೆ. ಬಾದಾಮಿಯ ಸೀಮೆಯಲ್ಲಿ ಅದರ ಎರಡು ಪಟ್ಟಿನಷ್ಟು ಮಳೆಯಾಗುತ್ತದೆ. ಆದ್ದರಿಂದ ಅದು ಮರುಭೂಮಿಯಲ್ಲ, ಮಳೆಯನ್ನು ನೆಚ್ಚಿ ಕೂರಲಾಗದ ಬರದ ಸೀಮೆ. ಇಂಥಲ್ಲಿ ಚಾಲುಕ್ಯರು ರಾಜಧಾನಿ ಕಟ್ಟಿದ್ದೇಕೆ ಎಂಬ ಪ್ರಶ್ನೆಗೆ ಕೋಟೆಗೆ ಹೇಳಿ ಮಾಡಿಸಿದ ಬಂಡೆ ಎಂಬುದು ಅರ್ಧ ಉತ್ತರ ಮಾತ್ರ. ಉಳಿದ ಅರ್ಧ ನೀರು.

ಮರಳುಗಲ್ಲಿನ ಗುಡ್ಡದ ಮೇಲೆ ಬಿದ್ದ ಮಳೆಯಲ್ಲಿ ಒಂದು ಪಾಲು ಬಿರುಕುಗಳಲ್ಲಿ ಇಳಿಯುತ್ತದೆ. ಕೆಳಗೆ ನೀರು ಬಿಡದ ಪದರ ಅಡ್ಡ ಬಂದರೆ ಅದು ಪಕ್ಕಕ್ಕೆ ಸರಿದು ಗುಡ್ಡದ ಬುಡದಲ್ಲೋ ಕೊಳ್ಳದ ಗೋಡೆಯಲ್ಲೋ ಹೊರಬೀಳುತ್ತದೆ. ಅದೇ ಸೆಲೆ, ಅದೇ ಬುಗ್ಗೆ. ಮಳೆ ನಿಂತ ಎಷ್ಟೋ ದಿನಗಳ ನಂತರವೂ ಒಸರುತ್ತಿರುವುದರಿಂದ ಜನ ಅದನ್ನು ತೀರ್ಥವೆಂದರು, ದನಕರು ಕುಡಿಯಲು ಹೊಂಡ ಮಾಡಿದರು, ಪಕ್ಕದಲ್ಲಿ ಗುಡಿ ಎತ್ತಿದರು. ಮಹಾಕೂಟದ ಪುಷ್ಕರಣಿಯನ್ನು ತುಂಬುವುದು ನೆಲದ ಬುಗ್ಗೆಯೇ. ಐಹೊಳೆಯಿಂದ ಕೆಲವೇ ಕಿ.ಮೀ. ದೂರದ ಸಿದ್ಧನಕೊಳ್ಳದಲ್ಲಿ ಬಂಡೆಯ ಚಾವಣಿಯ ಕೆಳಗೆ ಸಿದ್ಧೇಶ್ವರನ ಗುಡಿಯಿದೆ, ಲಜ್ಜಾಗೌರಿಯ ಶಿಲ್ಪವಿದೆ. ಭದ್ರನಾಯಕನ ಜಾಲಿಹಾಳದ ಹತ್ತಿರದ ಹುಲಿಗೆಮ್ಮನಕೊಳ್ಳದಲ್ಲಿ ಚಾಚಿದ ಬಂಡೆಯ ನೆರಳಿನಲ್ಲಿ ಚಾಲುಕ್ಯರ ಕಾಲದ ಪುಟ್ಟ ಗುಡಿಗಳ ಗುಂಪಿದೆ. ಬಂಡೆ ನೆರಳು ಕೊಟ್ಟಿತು, ಸೆಲೆ ನೀರು ಕೊಟ್ಟಿತು. ಇವೆರಡೂ ಕೂಡಿದಲ್ಲಿ ದೇವರು ನೆಲೆಯಾದ.

ಮೂರು ದಿನದ ಹಾದಿ

ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಬಂದು ಹೆದ್ದಾರಿ ಹಿಡಿದರೆ ಹಾವೇರಿ. ಅಲ್ಲಿಂದ ಸವಣೂರು, ಲಕ್ಷ್ಮೇಶ್ವರ, ಗದಗ, ರೋಣದ ಮೇಲೆ ಬಾದಾಮಿ. ರಾಣೆಬೆನ್ನೂರಿನಿಂದ ಇದು ಇನ್ನೂರು ಕಿ.ಮೀ. ಆಸುಪಾಸಿನ ದಾರಿ. ಒಂದೇ ಮನೆಯವರಾದರೆ ಕಾರು ಸಾಕು; ಓಣಿಯ ಹತ್ತು ಹನ್ನೆರಡು ಜನ ಕೂಡಿದರೆ ಬಾಡಿಗೆ ಕ್ರೂಸರ್ ಅನುಕೂಲ. ಬೆಳಗಿನ ಆರಕ್ಕೆ ಮುಂಚೆ ಊರು ಬಿಟ್ಟರೆ ಬಿಸಿಲೇರುವ ಹೊತ್ತಿಗೆ ದೂರದ ದಾರಿ ಮುಗಿದಿರುತ್ತದೆ.

ದಾರಿಯನ್ನೇ ಒಂದು ಪಾಠವಾಗಿ ಓದಬಹುದು. ಲಕ್ಷ್ಮೇಶ್ವರ ದಾಟಿ ಗದಗಿನ ಕಡೆ ಹೊರಳಿದಾಗ ಪೂರ್ವಕ್ಕೆ ಕಾಣುವ ಗುಡ್ಡದ ಸಾಲು ಕಪ್ಪತಗುಡ್ಡ. ನಮ್ಮ ಸೀಮೆಯ ಕಲ್ಲಿನ ಸೋದರ ಸಂಬಂಧಿಯಾದ ಧಾರವಾಡ ಶಿಲೆಯೇ ಅದು; ಕಬ್ಬಿಣದ ಅದಿರಿನ ಪಟ್ಟೆಗಳಿಂದಾಗಿ ಗಟ್ಟಿಯಾಗಿ ಎತ್ತರಕ್ಕೆ ನಿಂತಿದೆ. ಗಣಿಗಾರಿಕೆಯ ವಿರುದ್ಧ ವರ್ಷಗಟ್ಟಲೆ ನಡೆದ ಹೋರಾಟದ ಬಳಿಕ 2019ರಲ್ಲಿ ಅದನ್ನು ವನ್ಯಜೀವಿ ಧಾಮವೆಂದು ಸರ್ಕಾರ ಘೋಷಿಸಿತು. ಗದಗ, ರೋಣ ದಾಟುವಾಗ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ, ಕರಿಮಣ್ಣಿನ ಎರೆ ಬಯಲು. ಆ ಬಯಲು ಮುಗಿಯುವಲ್ಲಿ ಇದ್ದಕ್ಕಿದ್ದಂತೆ ಕೆಂಪು ಗೋಡೆ ಏಳುತ್ತದೆ. ಅದೇ ಬಾದಾಮಿ.

ಮೊದಲ ದಿನ ಮಧ್ಯಾಹ್ನ ಊಟ, ವಿಶ್ರಾಂತಿ ಮುಗಿಸಿ ಬಿಸಿಲು ಇಳಿಯುವಾಗ ಗುಹೆಗಳಿಗೆ ಹೋಗುವುದು ಒಳ್ಳೆಯದು. ಒಂದನೆಯ ಪುಲಕೇಶಿ ಇಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುವ ಬಂಡೆಯ ಶಾಸನ ಕ್ರಿ.ಶ. 543ರದು. ಮೂರನೆಯ ಗುಹೆಯಲ್ಲಿರುವ ಶಾಸನ 578ರದು. ಭೂವಿಜ್ಞಾನಿಗಳು ಈ ಮರಳುಗಲ್ಲಿನ ಪದರಕ್ಕೆ ಇಟ್ಟ ಹೆಸರೇ ಗುಹಾದೇವಾಲಯದ ಮರಳುಗಲ್ಲು ಎಂದು. ದಪ್ಪನಾದ, ಒಂದೇ ಹದದ, ಉಳಿಗೆ ಮಣಿಯುವಷ್ಟು ಮೆದುವಾದ, ಹದಿನಾಲ್ಕು ನೂರು ವರ್ಷ ನಿಲ್ಲುವಷ್ಟು ಗಟ್ಟಿಯಾದ ಪದರ ಸಿಕ್ಕಿದ್ದರಿಂದಲೇ ಶಿಲ್ಪಿಗಳು ಗುಡ್ಡದೊಳಗೆ ಕಂಬ, ತೊಲೆ, ಮೂರ್ತಿಗಳನ್ನು ಬಿಡಿಸಲು ಸಾಧ್ಯವಾಯಿತು. ಎರಡು ಗುಡ್ಡಗಳ ನಡುವಿನ ಅಗಸ್ತ್ಯತೀರ್ಥವೂ ಒಂದು ಕೊಳ್ಳದ ಬಾಯಿಗೆ ಕಟ್ಟಿದ ಕೆರೆಯೇ. ಮಳೆಗಾಲದಲ್ಲಿ ಅದರ ಹಿಂದಿನ ಬಂಡೆಯಿಂದ ಅಕ್ಕ–ತಂಗಿ ಜಲಧಾರೆಗಳು ಧುಮುಕುತ್ತವೆ.

ಎರಡನೆಯ ದಿನ ಬೆಳಗಿನ ತಂಪಿನಲ್ಲಿ ಉತ್ತರದ ಬಾವನ್‌ಬಂಡೆ ಕೋಟೆ ಹತ್ತಬೇಕು. ವಸ್ತುಸಂಗ್ರಹಾಲಯದ ಪಕ್ಕದಿಂದ ಏರುವ ಮೆಟ್ಟಿಲು ದಾರಿ ಎರಡು ಗೋಡೆಗಳ ನಡುವಿನ ಇಕ್ಕಟ್ಟು ಓಣಿಯಲ್ಲಿ ಸಾಗುತ್ತದೆ. ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ. ಬಿರುಕು ಓಣಿಯಾಗುವುದೆಂದರೇನು ಎಂಬುದು ಇಲ್ಲಿ ಮಕ್ಕಳಿಗೂ ತಿಳಿಯುತ್ತದೆ. ಅಲ್ಲಿಂದ ಇಳಿದು ಮಹಾಕೂಟ, ಬಾದಾಮಿಯಿಂದ 22 ಕಿ.ಮೀ. ದೂರದ ಪಟ್ಟದಕಲ್ಲು, ಮುಂದೆ ಐಹೊಳೆ, ಸಿದ್ಧನಕೊಳ್ಳ. ಐಹೊಳೆಯ ಮೇಗುಟಿ ಗುಡಿಯಲ್ಲಿ ರವಿಕೀರ್ತಿಯ 634ರ ಶಾಸನವಿದೆ. ಆ ಗುಡ್ಡದ ನೆತ್ತಿಯಿಂದ ನೋಡಿದರೆ ಮಲಪ್ರಭೆ ಗುಡ್ಡಗಳ ನಡುವೆ ದಾರಿ ಮಾಡಿಕೊಂಡ ಪರಿ ಕಾಣುತ್ತದೆ. ರಾತ್ರಿ ಮತ್ತೆ ಬಾದಾಮಿಯಲ್ಲಿ ತಂಗುವುದು.

ಮೂರನೆಯ ದಿನ ಬನಶಂಕರಿಗೆ ಕೈಮುಗಿದು ಪಶ್ಚಿಮಕ್ಕೆ ಹೊರಳಿದರೆ ರಾಮದುರ್ಗ, ಸವದತ್ತಿ, ಧಾರವಾಡದ ಮೇಲೆ ಮನೆಯ ದಾರಿ. ಎರಡೂವರೆ ನೂರು ಕಿ.ಮೀ.ಗೂ ಮಿಕ್ಕಿದ ಪ್ರಯಾಣವಾದ್ದರಿಂದ ಅಂದು ನಡೆಯುವ ಜಾಗ ಕಡಿಮೆ ಇಟ್ಟುಕೊಳ್ಳಬೇಕು. ರಾಮದುರ್ಗ ತಾಲ್ಲೂಕಿನ ಸುರೇಬಾನದ ಬಳಿಯ ಶಬರಿಕೊಳ್ಳ, ಸವದತ್ತಿಯ ಬಳಿಯ ನವಿಲುತೀರ್ಥ, ಇವೆರಡು ಸಾಕು.

ರಾಮದುರ್ಗದ ಎರಡು ಹಾಸು

ಸಾಮಾನ್ಯ ಪ್ರವಾಸಿಗರು ನಿಲ್ಲದೆ ದಾಟುವ ರಾಮದುರ್ಗದ ಸುತ್ತಲಿನ ಗುಡ್ಡಗಳಿಗೆ ಭೂವಿಜ್ಞಾನದ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಬರುತ್ತಾರೆ. ಮೇಲೆ ಹೇಳಿದ ಕಲಾದಗಿ ಕಲ್ಲಿನ ಎರಡು ಅಂತಸ್ತುಗಳು ಒಂದರ ಮೇಲೊಂದು ಕೂತದ್ದು ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಕೆಳಗೆ ಓರೆಯಾಗಿ ಒಟ್ಟಿದ ಹಲಗೆಗಳು, ಅವುಗಳ ತಲೆ ಸವರಿ ಮೇಲೆ ಅಡ್ಡಲಾಗಿ ಹಾಸಿದ ಹಲಗೆಗಳು – ಹೀಗಿದೆ ಅದರ ರೂಪ. ಕೆಳಗಿನ ಪದರಗಳು ವಾಲಿ, ಗುಡ್ಡವಾಗಿ, ಸವೆದು ಮಟ್ಟವಾಗುವಷ್ಟು ಕಾಲ ಕಳೆದ ಮೇಲೆ ಮೇಲಿನ ಮರಳು ಬಂದು ಕೂತಿತು. ಆ ಎರಡರ ನಡುವಿನ ಒಂದು ಗೆರೆಯಲ್ಲಿ ಕೋಟಿಗಟ್ಟಲೆ ವರ್ಷಗಳ ಪುಟಗಳು ಹರಿದು ಹೋಗಿವೆ.

ಸ್ಕಾಟ್ಲೆಂಡಿನ ಜೇಮ್ಸ್ ಹಟನ್ 1788ರಲ್ಲಿ ಸಿಕರ್ ಪಾಯಿಂಟ್ ಎಂಬ ಕಡಲ ದಂಡೆಯಲ್ಲಿ ಇಂಥದೇ ಗೆರೆ ಕಂಡು, ಭೂಮಿಯ ವಯಸ್ಸು ಕೆಲವೇ ಸಾವಿರ ವರ್ಷವೆಂಬ ಅಂದಿನ ನಂಬಿಕೆ ನಿಲ್ಲದೆಂದು ಮನಗಂಡ. ನಮ್ಮ ಜಿಲ್ಲೆಯವರಿಗೆ ಗೊತ್ತಿರುವ ಇನ್ನೊಂದು ಜಾಗವೂ ಇದೆ. ತಿರುಪತಿ ಬೆಟ್ಟದ ಘಾಟಿ ದಾರಿಯಲ್ಲಿ ಬೆಣಚುಕಲ್ಲಿನ ಮೇಲೆ ಪದರಗಲ್ಲು ಕೂತಿರುವ ಇಂಥದೇ ಗೆರೆಯನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ರಾಷ್ಟ್ರೀಯ ಸ್ಮಾರಕವೆಂದು ಗುರುತಿಸಿದೆ. ತಿಮ್ಮಪ್ಪನ ದರ್ಶನಕ್ಕೆ ಹೋದವರಲ್ಲಿ ಎಷ್ಟು ಜನ ಅದನ್ನು ಗಮನಿಸಿದ್ದಾರೋ!

ಕಮರಿ ಅಣೆಕಟ್ಟಾದಾಗ

ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆ ಗಟ್ಟಿ ಕಲ್ಲಿನ ಗುಡ್ಡವನ್ನು ಸುತ್ತಿ ಹೋಗದೆ ಸೀಳಿಕೊಂಡು ಹೋಗಿದೆ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಈ ನದಿಯ ದಾರಿಯಲ್ಲಿ ಇದು ಹೆಸರುವಾಸಿಯಾದ ಕೊಳ್ಳ. ಎರಡು ಕಡೆ ಬಲವಾದ ಬಂಡೆ, ನಡುವೆ ಇಕ್ಕಟ್ಟು, ಹಿಂದೆ ಅಗಲವಾದ ತಗ್ಗು. ಅಣೆಕಟ್ಟು ಕಟ್ಟುವ ಎಂಜಿನಿಯರುಗಳು ಹುಡುಕುವುದು ಇದನ್ನೇ. 1970ರ ದಶಕದಲ್ಲಿ ಇಲ್ಲಿ ಸುಮಾರು 37 ಟಿಎಂಸಿ ಅಡಿ ನೀರು ಹಿಡಿಯುವ ರೇಣುಕಾಸಾಗರ ರೂಪುಗೊಂಡಿತು.

ಮುಂದಿನದು ಉತ್ತರ ಕರ್ನಾಟಕದ ರೈತರ ಚರಿತ್ರೆ. ಈ ಕೊಳ್ಳದಿಂದ ಹೊರಟ ಕಾಲುವೆಗಳ ಅಚ್ಚುಕಟ್ಟಿನಲ್ಲೇ, ಅಭಿವೃದ್ಧಿ ಕರದ ಹೊರೆಯ ವಿರುದ್ಧ 1980ರ ಜುಲೈನಲ್ಲಿ ನರಗುಂದ–ನವಲಗುಂದ ರೈತ ಬಂಡಾಯ ಸಿಡಿಯಿತು. ಜಲಾಶಯ ಎಷ್ಟೋ ವರ್ಷ ತುಂಬದೇ ಹೋದದ್ದರಿಂದ ಕಳಸಾ–ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂಬ ಹೋರಾಟ ಬೆಳೆಯಿತು. ಮಹದಾಯಿ ನ್ಯಾಯಮಂಡಳಿ 2018ರಲ್ಲಿ ತೀರ್ಪು ಕೊಟ್ಟಿತು. ಇನ್ನೊಂದು ಕಡೆ, 2019ರ ಆಗಸ್ಟ್‌ನಲ್ಲಿ ಇದೇ ನದಿ ಉಕ್ಕಿ ಪಟ್ಟದಕಲ್ಲು, ಐಹೊಳೆಗಳಿಗೆ ನುಗ್ಗಿತು. ಒಂದು ವರ್ಷ ಬರ, ಮತ್ತೊಂದು ವರ್ಷ ನೆರೆ. ಅಣೆಕಟ್ಟಿನ ಮುಂದೆ ನಿಂತಾಗ ಕಲ್ಲಿನ ಸೀಳು ಒಂದು ಸೀಮೆಯ ಅನ್ನವನ್ನು ಹೇಗೆ ನಿರ್ಧರಿಸುತ್ತದೆ ಎಂಬುದು ಅರ್ಥವಾಗುತ್ತದೆ.

ಇನ್ನೊಂದು ದಿನ ಕೈಯಲ್ಲಿದ್ದವರು ಸವದತ್ತಿಯಿಂದ ಉತ್ತರಕ್ಕೆ ಗೋಕಾಕಕ್ಕೆ ಹೋಗಬಹುದು. ಅಲ್ಲಿ ಘಟಪ್ರಭೆ ಮರಳುಗಲ್ಲಿನ ಅಂಚಿನಿಂದ ಸುಮಾರು 52 ಮೀಟರ್ ಕೆಳಗೆ, ಕುದುರೆ ಲಾಳದ ಆಕಾರದ ಕಮರಿಗೆ ಧುಮುಕುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆ ನೀರಿನ ಬಲದಿಂದಲೇ ಅಲ್ಲಿ ಹತ್ತಿ ಗಿರಣಿ ನಡೆಯಿತು. ತೂಗುಸೇತುವೆಯ ಮೇಲೆ ಬಿಡುತ್ತಾರೋ ಇಲ್ಲವೋ ಎಂಬುದನ್ನು ಅಂದೇ ಕೇಳಿ ತಿಳಿಯಬೇಕು.

ಯಾವಾಗ, ಹೇಗೆ?

ಕೊಳ್ಳಗಳಿಗೆ ಒಳ್ಳೆಯ ಕಾಲ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ. ಸೆಲೆಗಳಲ್ಲಿ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಹಗಲೆಲ್ಲ ಕಾದು ಸಂಜೆಯ ಮೇಲೂ ಝಳ ಬಿಡುತ್ತದೆ; ಮುದುಕರು, ಮಕ್ಕಳನ್ನು ಕಟ್ಟಿಕೊಂಡು ಹೋಗುವ ಕಾಲ ಅದಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿಯ ಜಾತ್ರೆ, ಸವದತ್ತಿ ಎಲ್ಲಮ್ಮನ ಗುಡ್ಡದಲ್ಲೂ ಜನಸಾಗರ. ಜಾತ್ರೆಗೇ ಹೋಗುವವರ ಮಾತು ಬೇರೆ. ಕಲ್ಲು ನೋಡುವವರು ಆ ವಾರ ಬಿಟ್ಟು ಹೊರಡಬೇಕು.

ಮಳೆಗಾಲದಲ್ಲಿ ಕೊಳ್ಳಗಳು ಚೆಲುವಾಗಿರುತ್ತವೆ, ಅಪಾಯಕಾರಿಯೂ ಆಗಿರುತ್ತವೆ. ನಿಂತ ಜಾಗದಲ್ಲಿ ಹನಿ ಬೀಳದಿದ್ದರೂ ಗುಡ್ಡದ ಮೇಲೆ ಬಿದ್ದ ಮಳೆ ಒಮ್ಮೆಗೇ ಓಣಿಯೊಳಗೆ ಇಳಿಯಬಹುದು. ನೀರಿನ ಬಣ್ಣ ಕೆಂಪಾಯಿತು, ಕಸಕಡ್ಡಿ ತೇಲಿಬಂತು ಎಂದರೆ ಆ ಕ್ಷಣವೇ ಎತ್ತರಕ್ಕೆ ಹೋಗಬೇಕು. ಪಾಚಿ ಹಿಡಿದ ಮರಳುಗಲ್ಲು ಸೋಪಿನಂತೆ ಜಾರುತ್ತದೆ. ಗೋಕಾಕದಲ್ಲಾಗಲಿ, ಹತ್ತಿರದ ಗೊಡಚಿನಮಲ್ಕಿಯಲ್ಲಾಗಲಿ ಅಂಚಿಗೆ ಬೆನ್ನು ಮಾಡಿ ಫೋಟೊ ತೆಗೆಸಿಕೊಳ್ಳುವ ಹುಚ್ಚು ಬೇಡ. ಚಾಚಿದ ಬಂಡೆಗಳ ಕೆಳಗೆ ಹೆಜ್ಜೇನು ಕಟ್ಟಿರುತ್ತದೆ. ಅಲ್ಲಿ ಬೀಡಿ, ಹೊಗೆ, ಕೂಗಾಟ ಸಲ್ಲದು. ಬಾದಾಮಿಯ ಮಂಗಗಳು ಕೈಚೀಲ ಕಂಡರೆ ಬಿಡುವುದಿಲ್ಲ.

ಬುತ್ತಿಯ ಬಗ್ಗೆ ನಮ್ಮ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಇದ್ದರೆ ಮೂರು ದಿನ ಕೆಡುವುದಿಲ್ಲ. ಬನಶಂಕರಿಯಲ್ಲಿ ಬುಟ್ಟಿ ಹೊತ್ತ ತಾಯಂದಿರು ರೊಟ್ಟಿ, ಪಲ್ಯ, ಗಟ್ಟಿ ಮೊಸರು ಬಡಿಸುತ್ತಾರೆ. ಒಂದು ಹೊತ್ತು ಅಲ್ಲಿಯೇ ಉಣ್ಣುವುದು ಲೇಸು. ಆದರೆ ನೀರನ್ನು ಮಾತ್ರ ಗಾಡಿಯಲ್ಲಿ ತುಂಬಿಕೊಂಡೇ ಹೋಗಬೇಕು. ಕೊಳ್ಳದ ಸೆಲೆ ಆ ಊರಿನವರದು, ಅವರ ಕುರಿ ದನಗಳದು.

ಕಾನೂನು ಕಾಯದ ಕಲ್ಲು

ಬಾದಾಮಿಯ ಗುಹೆಗಳು, ಪಟ್ಟದಕಲ್ಲಿನ ಗುಡಿಗಳು ಸಂರಕ್ಷಿತ ಸ್ಮಾರಕಗಳು. ಪಟ್ಟದಕಲ್ಲಂತೂ 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. 1958ರ ಕಾಯ್ದೆಗೆ 2010ರಲ್ಲಾದ ತಿದ್ದುಪಡಿಯ ಪ್ರಕಾರ ಇಂಥ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಸುತ್ತ ನೂರು ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ. ಆದರೆ ಆ ನೂರು ಮೀಟರಿನ ಆಚೆ, ಗುಡಿಯ ಹೆಸರಿಲ್ಲದ ಬಂಡೆ, ಫಲಕವಿಲ್ಲದ ಸೆಲೆ, ಊರವರಷ್ಟೇ ಬಲ್ಲ ಕೊಳ್ಳಗಳಿಗೆ ಇಂಥ ಕಾವಲಿಲ್ಲ. ಮೊಳೆಯಿಂದ ಗೀಚಿದ ಹೆಸರು, ಬಣ್ಣ ಬಳಿದ ಬಾಣದ ಗುರುತು, ಸಂದಿಗೆ ತುರುಕಿದ ಪ್ಲಾಸ್ಟಿಕ್ ಬಾಟಲಿ ಮೊದಲು ಕಾಣಿಸಿಕೊಳ್ಳುವುದು ಇಂಥ ಕಡೆಯೇ.

ಇದು ಬರಿಯ ಅಂದಗೇಡಿನ ಮಾತಲ್ಲ. ಸೆಲೆಯ ಬಾಯಿಗೆ ಕಸ ಕಟ್ಟಿದರೆ ಹೊಂಡ ಕೆಡುತ್ತದೆ. ಗುಡ್ಡದ ನೆತ್ತಿಯ ಕಲ್ಲು ಒಡೆದರೆ ಮಳೆ ಇಂಗುವ ಬಿರುಕೇ ಹೋಗುತ್ತದೆ. ಬುಡದಲ್ಲಿ ಬೋರು ಕೊರೆಯುತ್ತಾ ಹೋದರೆ ಒಸರುವ ನೀರಿನ ಮಟ್ಟ ಕೆಳಗಿಳಿಯುತ್ತದೆ. ಬೋರು ಬತ್ತುವುದೆಂದರೇನೆಂದು ರಾಣೆಬೆನ್ನೂರು, ಬ್ಯಾಡಗಿ ತಾಲ್ಲೂಕಿನ ರೈತರಿಗೆ ಬೇರೆಯವರು ವಿವರಿಸಬೇಕಾಗಿಲ್ಲ. ನೂರು ಕೋಟಿ ವರ್ಷ ಹಳೆಯ ಕಲ್ಲು ನಮ್ಮ ಕಣ್ಣೆದುರು ಕರಗುವುದಿಲ್ಲ ನಿಜ. ಆದರೆ ಆ ಕಲ್ಲು ಹಿಡಿದಿಟ್ಟ ನೀರು ನಮ್ಮ ಕಾಲದಲ್ಲೇ ಬತ್ತಬಹುದು.

ಆದ್ದರಿಂದ ಮುಂದಿನ ಸುಗ್ಗಿ ಮುಗಿಸಿ ಗಾಡಿ ಕಟ್ಟುವವರು ಯಾವ ಕೊಳ್ಳಕ್ಕೆ ಹೋದರೂ ಗುಡಿಯಲ್ಲಿ ಊರಿನ ಹಿರಿಯರು ಸಿಕ್ಕರೆ ಒಂದು ಪ್ರಶ್ನೆ ಕೇಳಿ ಬರಬೇಕು: ಅಜ್ಜಾ, ಈ ನೀರು ಬೇಸಿಗೆಯಲ್ಲಿ ಎಲ್ಲಿವರೆಗೆ ಇರುತ್ತದೆ, ಮೊದಲು ಎಲ್ಲಿವರೆಗೆ ಇರುತ್ತಿತ್ತು? ಕಲ್ಲಿನ ವಯಸ್ಸನ್ನು ಪುಸ್ತಕ ಹೇಳುತ್ತದೆ. ಕೊಳ್ಳದ ಆರೋಗ್ಯವನ್ನು ಹೇಳಬಲ್ಲವರು ಅದರ ನೀರು ಕುಡಿದು ಬೆಳೆದ ಅವರೇ.